ಬೋಂಡಾ ಪೇಪರಿನ ಚಿರತೆ

ಎರಡು ಬೋಂಡಾ ತಿಂದ ಮೇಲೆ ಎಣ್ಣೆ ಹೀರಿದ ಪೇಪರಿನಲ್ಲಿ ಅಕ್ಷರ ಕಾಣಿಸಿತು: ‘ಉಡಿಗಾಲದಲ್ಲಿ ಚಿರತೆ: ಒಂಟಿಯಾಗಿ ಓಡಾಡದಂತೆ ಸೂಚನೆ.’ ಶಿವಮಲ್ಲು ಇನ್ನೊಂದು ಸಲ ಓದಿದ. ಅವನೂ ಅವನ ಅವ್ವ ನಾಗಮಣಿಯೂ ಗುಂಡ್ಲುಪೇಟೆ ಕಡೆಯಿಂದ ಬೈಕಿನಲ್ಲಿ ಹೊರಟಿದ್ದುದೇ ಉಡಿಗಾಲಕ್ಕೆ, ಹೆಣ್ಣು ನೋಡಲು. ದಾರಿಯಲ್ಲಿ ತೆರಕಣಾಂಬಿಯ ಬೋಂಡಾ ಗಾಡಿ ಹತ್ತಿರ ನಿಂತಿದ್ದರು, ಅಷ್ಟೆ. ಪೇಪರ್ ಹರಿದ ತುಂಡು, ತಾರೀಖು ಇರಲಿಲ್ಲ.

“ಹಳೇ ಪೇಪರ್ ಇರ್ಬೌದು ಕಣವ್ವ.”

“ಬೋಂಡಾ ಸುಡ್ತಾ ಅದೆ, ಪೇಪರ್ ಎಂಗ್ಲಾ ಹಳೇದಾದದು? ತಿರುಗ್ಸು ಬೈಕ. ಇನ್ನೊಂದಿನ ಬರನ.”

“ಇನ್ನೊಂದಿನ ಯಾರ್ ಕರ್ದರು?”

ನಾಗಮಣಿ ಸೆರಗಿಗೆ ಕೈ ಒರೆಸಿಕೊಂಡು ಬೈಕ್ ಹತ್ತಿದಳು. ಮಗನಿಗೆ ಮೂವತ್ನಾಲ್ಕು. ಈರುಳ್ಳಿ ಬೆಳೆಯುತ್ತಾನೆ, ಚೆಂಡುಹೂವು ಬೆಳೆಯುತ್ತಾನೆ. ಹೆಣ್ಣಿನ ಕಡೆಯವರು ‘ಹುಡುಗನಿಗೆ ಏನು ಕೆಲಸ’ ಎಂದು ಕೇಳುತ್ತಾರೆ, ಉತ್ತರ ಕೇಳಿಸಿಕೊಂಡು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾರೆ. ಮೊದಲ ಹೆಣ್ಣು ನೋಡಲು ಎರಡು ಕಾರು ತುಂಬ ಜನ ಹೋಗಿದ್ದರು. ಆಮೇಲೆ ಒಂದು ಕಾರು. ಈಗ ಬೈಕಿಗೆ ಬಂದಿತ್ತು; ಅಪ್ಪ ಕೂಡ ‘ನೀವೇ ಓಗ್ಬನ್ನಿ’ ಎಂದು ಮಲಗಿಬಿಟ್ಟಿದ್ದ. ಉಡಿಗಾಲದವರಿಗೆ ಬ್ರೋಕರ್ ‘ಸ್ವಂತ ಬಿಸಿನೆಸ್’ ಎಂದಷ್ಟೇ ಹೇಳಿದ್ದ, ಅದಕ್ಕೇ ಕರೆ ಬಂದಿತ್ತು. ಉಳಿದ ಬೋಂಡಾಗಳನ್ನು ಅದೇ ಪೇಪರಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಶಿವಮಲ್ಲು ಬೈಕಿನ ಕಿಕ್ಕರ್ ಒದ್ದ.

ಊರಿನ ತಿರುವು ಬಂದಾಗ ನಾಗಮಣಿ ಚೀಲದಿಂದ ಸ್ಟೀಲ್ ತಟ್ಟೆ ತೆಗೆದು ಬೀಗದ ಕೈಯಿಂದ ಬಡಿಯತೊಡಗಿದಳು. ಹೂವು ಹಣ್ಣು ಇಟ್ಟು ಕೊಡಲು ತಂದಿದ್ದ ತಟ್ಟೆ ಅದು. ಕಾಡಂಚಿನ ಅವರ ಕಡೆ ಹೊಲಕ್ಕೆ ಆನೆ ಬಂದರೂ ಹಂದಿ ಬಂದರೂ ಹೀಗೇ ಬಡಿಯುತ್ತಾರೆ. ಉಡಿಗಾಲದವರಿಗೂ ಆ ಸದ್ದು ಏನೆಂದು ಗೊತ್ತು. ‘ಏನು ಬಂತು’ ಎಂದು ಯಾರೋ ಕೇಳಿದರು, ‘ಚಿರತೆ’ ಎಂದು ನಾಗಮಣಿ ಕೂಗಿದಳು. ಬೈಕ್ ಮುಂದೆ ಹೋದಂತೆ ಎರಡೂ ಕಡೆ ಬಾಗಿಲು ಮುಚ್ಚಿಕೊಳ್ಳುತ್ತಾ ಬಂದವು. ಜಗಲಿಯ ಮೇಕೆಗಳು ಒಳಗೆ ಹೋದವು. ಒಣಹಾಕಿದ್ದ ರಾಗಿ ಕೋಳಿಗಳ ಪಾಲಾಯಿತು.

“ನೋಡ್ಲಾ, ಒಂದು ನರಪಿಳ್ಳೆನೂ ಈಚೆಗಿಲ್ಲ,” ಎಂದಳು ನಾಗಮಣಿ, ಬಡಿಯುವುದನ್ನು ನಿಲ್ಲಿಸದೆ. “ಪೇಪರ್ನೋರು ಸುಳ್ಳು ಬರ್ದರಾ?”

ಹೆಣ್ಣಿನ ಮನೆಯ ಬಾಗಿಲೂ ಹಾಕಿತ್ತು. ತಟ್ಟಿದ್ದಕ್ಕೆ ಪಕ್ಕದ ಕಿಟಕಿ ಸ್ವಲ್ಪವೇ ತೆರೆಯಿತು. ಹುಡುಗಿಯ ಅಜ್ಜಿ ಗುರುಮಲ್ಲಮ್ಮ.

“ಯಾರಪ್ಪ ನೀವು? ಚಿರತೆ ಬಂದದಂತೆ, ಮೊದ್ಲು ಎಲ್ಲಾದ್ರು ಒಳಿಕ್ಕೆ ಸೇರ್ಕಳಿ.”

“ಗುಂಡ್ಲುಪೇಟೆಯೋರು ಕಣಮ್ಮ, ಹೆಣ್ ನೋಡಕ್ಕೆ ಬಂದೋ. ಚಿರತೆ ಇಚಾರ ಗೊತ್ತು, ಪೇಪರ್ನಲ್ಲೇ ಬಂದದೆ.”

“ಪೇಪರ್ಗೂ ಓಗ್ಬುಡ್ತಾ ಆಗ್ಲೆ?” ಅಜ್ಜಿ ಹಿಂದಕ್ಕೆ ತಿರುಗಿದಳು. “ಲೇ ಶಾಂತರಾಜು, ಪೇಪರ್ನಲ್ಲೇ ಬಂದದಂತೆ ಕಣ್ಲಾ.”

ಅಟ್ಟದ ಮೇಲೆ ಏನೋ ಎಳೆದ ಸದ್ದಾಯಿತು. ಹುಡುಗಿಯ ಅಪ್ಪ ಶಾಂತರಾಜು ಏಣಿಯನ್ನೂ ಮೇಲಕ್ಕೆ ಎಳೆದುಕೊಂಡಿದ್ದ.

“ಬಾಗ್ಲಿಗೆ ರಾಗಿ ಮೂಟೆ ಅಡ್ಡ ಆಕ್ಬುಟ್ಟು ಅಟ್ಟ ಅತ್ತವ್ನೆ ನನ್ ಮಗ,” ಎಂದಳು ಅಜ್ಜಿ. “ಅವ್ನೇ ಇಳ್ದು ಎತ್ಬೇಕು.”

“ಅಷ್ಟೊತ್ಗೆ ರಾವುಕಾಲ ಬಂದ್ಬುಡ್ತದಲ್ಲಮ್ಮ,” ಎಂದಳು ನಾಗಮಣಿ.

ಅಜ್ಜಿ ಸರಿದು ಮೊಮ್ಮಗಳು ಕುಮಾರಿಯನ್ನು ಕಿಟಕಿಗೆ ತಂದು ನಿಲ್ಲಿಸಿದಳು. “ಇಲ್ಲೇ ನೋಡ್ಕ ಕಣಮ್ಮಿ, ಮತ್ತೇನ್ ಮಾಡದು.” ಕುಮಾರಿ ರೇಷ್ಮೆ ಸೀರೆಯಲ್ಲಿದ್ದಳು. ಸರಳಿನ ಆಚೆ ಬೇಲಿಯ ಗೂಟವೊಂದನ್ನು ಕಿತ್ತು ಹಿಡಿದುಕೊಂಡು ರಸ್ತೆಯನ್ನೇ ನೋಡುತ್ತಾ ನಿಂತವನನ್ನು ಮೇಲಿಂದ ಕೆಳಗೆ ನೋಡಿದಳು.

“ಚಿರತೆ ಅದೆ ಅಂತ ಗೊತ್ತಿದ್ದೇ ಬಂದ್ರಾ?”

“ತೆರಕಣಾಂಬಿಲೇ ಗೊತ್ತಾಯ್ತು.”

“ವಾಪಸ್ ಓಗ್ಬೌದಿತ್ತು.”

“ಭಯ ಆಯ್ತು. ಆದ್ರೆ ಈ ವರ್ಸ ನಮ್ಮನ್ನ ಬನ್ನಿ ಅಂದಿದ್ದು ನೀವೊಬ್ರೇ.”

ಕುಮಾರಿಗೆ ನಗು ಬಂತು. “ಓದ್ ತಿಂಗ್ಳು ಬ್ಯಾಂಕ್ ಕೆಲ್ಸದೋರು ಬತ್ತೀನಿ ಅಂದಿದ್ರು. ಮೋಡ ಕವ್ಕಂಡದೆ ಅಂತ ಬರ್ನಿಲ್ಲ. ನಿಮ್ದು ಏನ್ ಬಿಸಿನೆಸ್ಸು?”

ಶಿವಮಲ್ಲು ಗೂಟವನ್ನು ಕೈ ಬದಲಾಯಿಸಿಕೊಂಡ. “ಈರುಳ್ಳಿ ಬೆಳೀತೀನಿ.”

ಅವಳು ಏನಾದರೂ ಹೇಳುವ ಮೊದಲೇ ಅಟ್ಟದಿಂದ ದನಿ ಬಂತು. “ಅಮ್ಮೀ, ಹುಡುಗನ್ಗೆ ಏನ್ ಕೆಲ್ಸ ಅಂತ ಕೇಳು. ರೈತನಾದ್ರೆ ಬ್ಯಾಡ ಅಂತ ಕಳ್ಸು. ಇಲ್ಲ ತಡಿ, ಚಿರತೆ ಅತ್ಲಾಗ್ ಓಗ್ಲಿ, ನಾನೇ ಇಳ್ದು ಕೇಳ್ತೀನಿ.”

ಶಿವಮಲ್ಲುವಿಗೆ ಈ ಮಾತು ಮುಗಿಯುವ ರೀತಿ ಗೊತ್ತಿತ್ತು. ಬೇರೇನೂ ತೋಚದೆ ಜೇಬಿನ ಪೊಟ್ಟಣ ತೆಗೆದು ಸರಳುಗಳ ನಡುವೆ ತೂರಿಸಿದ. “ತಗಳಿ. ಆಗ ಬಿಸಿ ಇತ್ತು.”

ಕುಮಾರಿ ಬಿಚ್ಚಿದಳು. ಚಿರತೆಯ ಸುದ್ದಿ ಓದಿದಳು. ಬೋಂಡಾಗಳನ್ನು ಅಜ್ಜಿಯ ಕೈಗೆ ಸುರಿದು ಪೇಪರನ್ನು ಮಗುಚಿದಳು. ಹಿಂದುಗಡೆ ಒಂದು ಫೋಟೊ. ಅಂಗಡಿ ಮುಂದೆ ಸುಣ್ಣದಲ್ಲಿ ಬರೆದ ಸುತ್ತುಗಳೊಳಗೆ ಜನ ದೂರ ದೂರ ನಿಂತಿದ್ದರು, ಎಲ್ಲರ ಮೂಗುಬಾಯಿಗೂ ಬಟ್ಟೆ. ಕೆಳಗೆ ‘ಕೊರೊನಾ: ಮಾಸ್ಕ್ ಇಲ್ಲದಿದ್ದರೆ ದಂಡ’ ಎಂದಿತ್ತು.

ಅವಳು ತಲೆ ಎತ್ತಿದಳು. ನಾಗಮಣಿ ತಟ್ಟೆಯನ್ನು ಎದೆಗೆ ಅಡ್ಡ ಹಿಡಿದು ಗೋಡೆಗೆ ಒತ್ತಿಕೊಂಡಿದ್ದಳು. ಅವಳ ಮುಂದೆ, ಕಿಟಕಿಗೆ ಬೆನ್ನು ಹಾಕಿ, ಶಿವಮಲ್ಲು ಗೂಟ ಎತ್ತಿಕೊಂಡು ಖಾಲಿ ಬೀದಿಯನ್ನು ಕಾಯುತ್ತಿದ್ದ. ಕುಮಾರಿ ಪೇಪರನ್ನು ಸಣ್ಣಗೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿದಳು.

“ಅತ್ತೆ, ಹೂವ ತಂದಿದ್ದೀರಾ?”

ಒಂದು ಸಲ ಹೂ ಮುಡಿಸಿದರೆ ಮದುವೆ ಗೊತ್ತಾದಂತೆ. ಆಮೇಲೆ ಹುಡುಗನಿಗೆ ಏನು ಕೆಲಸ ಎಂದು ಯಾರೂ ಕೇಳುವುದಿಲ್ಲ. ನಾಗಮಣಿಯ ಕೈಯಲ್ಲಿದ್ದ ತಟ್ಟೆ ಕೆಳಗೆ ಬಿತ್ತು. ಕುಮಾರಿ ತಿರುಗಿ ನಿಂತು ಜಡೆಯನ್ನು ಸರಳಿಗೆ ಆನಿಸಿದಳು. ನಾಗಮಣಿ ಚೀಲದಿಂದ ಮಲ್ಲಿಗೆ ದಂಡೆ ತೆಗೆದು, ಎರಡೂ ಕೈ ಒಳಗೆ ಹಾಕಿ ಜಡೆಯಲ್ಲಿ ಪಿನ್ನು ಹುಡುಕತೊಡಗಿದಳು.

ತಟ್ಟೆಯ ಸದ್ದು ಅಡಗಿದ ಮೇಲೆ ಅಟ್ಟದಿಂದ ಏಣಿಯ ಕಾಲು ಒಂದಿಷ್ಟು ಕೆಳಗಿಳಿಯಿತು.

“ಓಯ್ತೇನಮ್ಮಿ ಚಿರತೆ?”

“ಇಲ್ಲೇ ಅದೆ ಕಣಪ್ಪ,” ಎಂದಳು ಕುಮಾರಿ, ತಲೆ ಅಲುಗಿಸದೆ. “ಈಗ್ಲೇ ಇಳೀಬ್ಯಾಡ.”