ಓಣಿಗೊಬ್ಬಳೇ ಅಜ್ಜಿ

ಕೆನಡಾದ ಹೆರನ್‌ಬ್ರೂಕ್ ಊರಿನಲ್ಲಿ ಹೊಸ ಮನೆಗಳು ಏಳುತ್ತಲೇ ಇದ್ದವು. ಎಲ್ಲದರಲ್ಲೂ ಯುವ ದಂಪತಿಗಳು, ಪುಟ್ಟ ಮಕ್ಕಳು. ಮುದುಕರೇ ಅಪರೂಪ. ಹಾಗಾಗಿ ಯಾರ ಮನೆಗಾದರೂ ವಯಸ್ಸಾದವರು ಬಂದರೆ ಅವರನ್ನು ಓಣಿಯವರೆಲ್ಲ ಸರದಿಯಂತೆ ಹಂಚಿಕೊಳ್ಳಬೇಕೆಂಬುದು ಪುರಸಭೆಯ ಕಾನೂನು. ಯಾರೂ ತಕರಾರು ಮಾಡುತ್ತಿರಲಿಲ್ಲ.

ಶಾಂಭವಿಗೆ ಮಾತ್ರ ಅದನ್ನು ಸಹಿಸಲಾಗುತ್ತಿರಲಿಲ್ಲ. ಧಾರವಾಡದಿಂದ ಅವ್ವನನ್ನು ಕರೆಸಿಕೊಂಡವಳು ಅವಳು. ಇವತ್ತು ಎದುರುಮನೆಯ ಸರದಿ. ಕಿಟಕಿಯಿಂದ ನೋಡಿದರೆ ಅವ್ವ ಅಲ್ಲಿಯ ಪುಟ್ಟ ಕ್ಲೋಯಿಯ ಕೆಂಚುಗೂದಲಿಗೆ ಎಣ್ಣೆ ಹಚ್ಚಿ ಹೆರಳು ಹಾಕುತ್ತಿದ್ದಳು. ಶಾಂಭವಿಯ ಹೊಟ್ಟೆ ಉರಿಯಿತು. ಅವಳು ಚಿಕ್ಕವಳಿದ್ದಾಗ ಅವ್ವ ಆಸ್ಪತ್ರೆಯಲ್ಲಿ ನರ್ಸ್. ಬಾಚಲು ಹೊತ್ತಿಲ್ಲವೆಂದು ಮಗಳ ಕೂದಲನ್ನು ಗಿಡ್ಡಗೆ ಕತ್ತರಿಸಿಬಿಡುತ್ತಿದ್ದಳು.

ತಡೆಯಲಾರದೆ ಶಾಂಭವಿ ರಸ್ತೆ ದಾಟಿ ಒಳಗೆ ಹೋದಳು.

"ನನಗ ಒಂದ್ ದಿನಾನೂ ಹಿಂಗ ಹೆರಳ ಹಾಕಲಿಲ್ಲ ನೋಡವ್ವಾ ನೀ."

ಅವ್ವನ ಕೈ ನಿಂತಿತು. "ಆಗ ನನಗ ಪುರಸೊತ್ತ ಎಲ್ಲಿತ್ತವಾ," ಎಂದಳು ಮೆಲ್ಲಗೆ.

ಮಾತು ಅರ್ಥವಾಗದಿದ್ದರೂ ಕ್ಲೋಯಿ ಸ್ವಲ್ಪ ಸರಿದು ಜಾಗ ಬಿಟ್ಟಳು. ಶಾಂಭವಿ ಅವ್ವನಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತಳು. ಎಣ್ಣೆಯ ಕೈ ನೆತ್ತಿಯನ್ನು ಮುಟ್ಟಿತು. ಪಕ್ಕದಲ್ಲಿ ಮಗುವಿನ ಅರ್ಧ ಹೆಣೆದ ಹೆರಳು ಬಿಚ್ಚಿಕೊಳ್ಳುತ್ತಿತ್ತು. ಶಾಂಭವಿ ಅದನ್ನು ನೋಡಿದಳು, ಆದರೆ ಏಳಲಿಲ್ಲ.