ಎಡಗಡೆ ಮೂಲೆ

“ಇವತ್ತು ಬಾಲೆಲ್ಲ ನಿನ್ನ ಕೈಗೇ ಬರತ್ತೆ. ಸಿಕ್ಕ ಸಿಕ್ಕ ಕಡೆಯಿಂದ ಹೊಡಿ. ಹೋದ್ರೆ ಹೋಗ್ಲಿ, ಹೊಡಿ,” ಎಂದ ಅಪ್ಪ, ಚಿಕ್ಕವಳ ಶೂ ಲೇಸನ್ನು ತಾನೇ ಬಗ್ಗಿ ಬಿಗಿಯಾಗಿ ಕಟ್ಟುತ್ತ. ಅವಳು ಆಡಲು ಶುರುಮಾಡಿ ಆರು ವರ್ಷವಾಗಿತ್ತು. ಅವನು ಹೀಗೆ ಬಗ್ಗಿದ್ದು ಇದೇ ಮೊದಲು.

“ಹೂಂ ಸರ್,” ಎಂದಳು. ಬಾಸ್ಕೆಟ್‌ಬಾಲ್ ಕೋರ್ಟಿನ ಗೆರೆ ದಾಟಿದ ಮೇಲೆ ಅಪ್ಪ ಅನ್ನುವ ಹಾಗಿಲ್ಲ, ಸರ್ ಅನ್ನಬೇಕು. ಕೋಚ್ ಮನೆಯ ಕಾನೂನು, ಇನ್ನು ಹೇಗಿರುತ್ತದೆ!

“ಹೊಡೀದೆ ಪಾಸ್ ಕೊಟ್ಯೋ, ಒಂದೊಂದಕ್ಕೂ ಮೈದಾನ ಒಂದು ರೌಂಡು ಓಡಿಸ್ತೀನಿ, ನೋಡ್ಕೋ.”

ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಮೊನ್ನೆ ಮೊನ್ನೆಯವರೆಗೂ ಕಾನೂನು ಉಲ್ಟಾ ಇತ್ತು. ಹೊಡೆಯುವವಳು ಅಕ್ಕ, ಕೊಡುವವಳು ತಂಗಿ. ದೊಡ್ಡವಳು ಎಡಗಡೆ ಮೂಲೆಯಲ್ಲಿ ಎರಡು ಕೈ ಎತ್ತಿ ನಿಲ್ಲಬೇಕು. ಚಿಕ್ಕವಳು ಎಲ್ಲೇ ಇರಲಿ, ಬಾಲನ್ನು ಅಲ್ಲಿಗೆ ಮುಟ್ಟಿಸಬೇಕು. ದಿನಾ ಸಂಜೆ ಇನ್ನೂರು ಪಾಸು. ನೋಡಿ ಕೊಟ್ಟರೆ ಎದುರಾಳಿಗೆ ಗೊತ್ತಾಗಿಬಿಡುತ್ತದೆ ಎಂದು ಅದರಲ್ಲಿ ಐವತ್ತು ಪಾಸು ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು. ಆಸೆ ತಡೆಯದೆ ಎಂದಾದರೂ ತಾನೇ ರಿಂಗಿಗೆ ಎಸೆದಳೋ, ಒಂದು ರೌಂಡು. “ನಿಂಗ್ಯಾಕೆ ಆ ಉಸಾಬರಿ? ಅಕ್ಕ ಇದಾಳಲ್ಲ,” ಎನ್ನುತ್ತಿದ್ದ ಅಪ್ಪ.

ಈಗ ಅಕ್ಕನ ಮಂಡಿ ಹೋಗಿತ್ತು. ಎರಡು ವರ್ಷ ಆಡುವ ಹಾಗಿಲ್ಲ ಎಂದರು ಡಾಕ್ಟರು. ಅಂದರೆ ಇನ್ನು ಆಟ ಮುಗಿಯಿತು ಅಂತಲೇ ಅರ್ಥ. ಮೂರೇ ವಾರದಲ್ಲಿ ಅಪ್ಪನಿಗೆ ತನಗೆ ಇನ್ನೊಬ್ಬ ಮಗಳಿದ್ದಾಳೆಂಬುದು ನೆನಪಾಯಿತು. ಇವತ್ತು ಆಯ್ಕೆ ಸಮಿತಿಯ ಮೇಡಂ ನೋಟ್‌ಬುಕ್ಕು ಹಿಡಿದು ಬಂದು ಕೂತಿದ್ದರು. ಕ್ರೀಡಾ ಹಾಸ್ಟೆಲಿನಲ್ಲಿ ಉಳಿದಿರುವುದು ಒಂದೇ ಸೀಟು, ಅವರಿಗೆ ಬೇಕಾಗಿರುವುದು ಬಾಸ್ಕೆಟ್ ಹಾಕುವ ಹುಡುಗಿ. ಈ ವರ್ಷ ತಪ್ಪಿದರೆ ಚಿಕ್ಕವಳಿಗೆ ವಯಸ್ಸು ಮೀರುತ್ತದೆ. ಅವಳಿಗೆ ಆ ಸೀಟು ಪ್ರಾಣ ಹೋಗುವಷ್ಟು ಬೇಕಿತ್ತು. ಅಲ್ಲಿಗೆ ಹೋದರೆ ಕೋಚನ್ನು ಸರ್ ಅನ್ನಬಹುದು, ಅಪ್ಪನನ್ನು ಅಪ್ಪ ಅನ್ನಬಹುದು.

ನೆರಳಲ್ಲಿ ಕೂತ್ಕೋ ಎಂದರೆ ದೊಡ್ಡವಳು ಕೇಳಲಿಲ್ಲ. ತನ್ನ ನಾಲ್ಕನೇ ನಂಬರಿನ ಅಂಗಿಯನ್ನೇ ತೊಟ್ಟು, ಎಡಗಡೆ ಮೂಲೆಯಲ್ಲಿ ಗೆರೆಯ ಆಚೆಗೆ ಕುರ್ಚಿ ಹಾಕಿಸಿಕೊಂಡು, ಪಟ್ಟಿ ಸುತ್ತಿದ ಕಾಲು ಚಾಚಿ ಕೂತಳು. “ಇದು ನನ್ನ ಜಾಗ ಸರ್. ಇಲ್ಲಿಂದ್ಲೂ ಎಬ್ಬಿಸ್ತೀರಾ?”

ಆಟ ಶುರುವಾಯಿತು. ಚಿಕ್ಕವಳು ಹೊಡೆದಳು. ಮೊದಲ ನಾಲ್ಕು ಎಸೆತ ರಿಂಗನ್ನೂ ಮುಟ್ಟಲಿಲ್ಲ. “ಪರವಾಗಿಲ್ಲ, ಹೊಡಿ!” ಐದನೆಯದು ಒಳಗೆ ಬಿತ್ತು. ಅಬ್ಬಾ, ಆಗ ಅವಳ ಮುಖ ನೋಡಬೇಕಿತ್ತು! ವರ್ಷಗಟ್ಟಲೆ ಬರೀ ಬಡಿಸಿದವಳು ಮೊದಲ ಸಲ ತಾನು ಉಣ್ಣಲು ಕೂತ ಹಾಗಿತ್ತು. ಆಮೇಲೆ ಒಂದರ ಹಿಂದೆ ಒಂದು ಬಿದ್ದವು. ಮೇಡಂ ಪೆನ್ನಿನ ಕ್ಯಾಪು ತೆಗೆದರು.

ಕೊನೆಯ ಎಂಟು ಸೆಕೆಂಡು, ಒಂದೇ ಒಂದು ಪಾಯಿಂಟು ಹಿಂದೆ. ಚಿಕ್ಕವಳು ಇಬ್ಬರನ್ನು ತಪ್ಪಿಸಿಕೊಂಡು ರಿಂಗಿನ ಕೆಳಗೇ ಬಂದುಬಿಟ್ಟಳು. ಸುತ್ತ ಒಂದು ನರಪಿಳ್ಳೆ ಇಲ್ಲ. “ಹೊಡಿ!” ಎಂದು ಅಪ್ಪ ಗಂಟಲು ಹರಿಯುವ ಹಾಗೆ ಕೂಗಿದ. ಅದೇ ಹೊತ್ತಿಗೆ ಎಡಗಡೆ ಮೂಲೆಯ ಕುರ್ಚಿಯಲ್ಲಿದ್ದವಳ ಎರಡೂ ಕೈ ತಾವಾಗಿಯೇ ಮೇಲೆದ್ದವು.

ಚಿಕ್ಕವಳು ಆ ಕಡೆ ತಿರುಗಿಯೂ ನೋಡಲಿಲ್ಲ. ನೋಡದೆ ಕೊಡುವುದನ್ನೇ ತಾನೆ ಅವಳು ಕಲಿತದ್ದು? ಬಾಲು ನೆಟ್ಟಗೆ ಹೋಗಿ, ಗೆರೆ ದಾಟಿ, ಅಕ್ಕನ ಕೈಯಲ್ಲಿ ಕೂತಿತು. ಬಾಲು ಹೊರಗೆ ಎಂದು ರೆಫರಿ ಶಿಳ್ಳೆ ಊದಿದರು. ಎದುರಾಳಿಗಳು ಅದನ್ನು ಇಸಿದುಕೊಂಡು ಉಳಿದ ಸೆಕೆಂಡುಗಳನ್ನು ಕಳೆದರು.

“ನಾನ್ಯಾಕೆ ಕೈ ಎತ್ತಿದ್ನೋ ನಂಗೇ ಗೊತ್ತಿಲ್ಲ ಕಣೇ,” ಎಂದು ದೊಡ್ಡವಳು ಅತ್ತಳು.

“ಬಿಡೇ ಅಕ್ಕ. ನಾನ್ಯಾಕೆ ಕೊಟ್ನೋ ನಂಗೂ ಗೊತ್ತಿಲ್ಲ.”

ಮೇಡಂ ನೋಟ್‌ಬುಕ್ಕು ಮಡಚಿ ಎದ್ದರು. “ಹುಡುಗಿ ಪರವಾಗಿಲ್ಲ. ಆದ್ರೆ ಕೊನೇ ಗಳಿಗೇಲಿ ಕೈ ಬಿಡೋವಳನ್ನ ಹೇಗ್ರೀ ತಗೊಳ್ಳೋದು? ಪಾಸ್ ಮಾತ್ರ... ನೋಡದೇನೆ ಅಷ್ಟು ಸರಿಯಾಗಿ! ಯಾರು ಹೇಳ್ಕೊಟ್ಟಿದ್ದು?”

ಅವರು ಹೋದ ಮೇಲೆ ಚಿಕ್ಕವಳು ಬಂದು ಅಪ್ಪನೆದುರು ನೆಟ್ಟಗೆ ನಿಂತಳು.

“ಎಷ್ಟು ರೌಂಡು, ಸರ್?”

“ಆಟ ಮುಗೀತಲ್ಲ ಪುಟ್ಟಾ,” ಎಂದ ಅಪ್ಪ. “ಈಗ ಅಪ್ಪ ಅನ್ನು.”

ಅವಳು ಬಗ್ಗಿ, ಅವನು ಕಟ್ಟಿದ್ದ ಲೇಸು ಬಿಚ್ಚಿ, ತಾನೇ ಮತ್ತೆ ಕಟ್ಟಿಕೊಂಡಳು.

“ಎಷ್ಟು ರೌಂಡು, ಸರ್?”