ಹಪ್ಪಳ ಸುಟ್ಟ ಡ್ರ್ಯಾಗನ್

ಓದಿಬಿಟ್ಟೆ ಎಂದು ಹೇಳಿಬಿಡುವುದೇ, ಇಲ್ಲ, ಏನೂ ಅರಿಯದವನಂತೆ ಕೇಳುತ್ತ ಕೂರುವುದೇ? ಹೇಳಿದರೆ ಅಹಲ್ಯಾ ಓದುವುದನ್ನೇ ನಿಲ್ಲಿಸಿಯಾಳು. ಹ್ಯಾರಿಸ್ ಪಾರ್ಕಿನ ಮನೆಯ ಅಡುಗೆಕಟ್ಟೆಯ ಮೇಲೆ ಫೋನು ರಿಂಗಾಗುತ್ತಿತ್ತು. ಗೋಪೀನಾಥನಿಗೆ ಇನ್ನೂ ಮನಸ್ಸು ಗಟ್ಟಿಯಾಗಿರಲಿಲ್ಲ.

ಹೆಂಡತಿ ಅಹಲ್ಯಾಗೆ ದೂರದ ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಆಸ್ಪತ್ರೆಯ ಲ್ಯಾಬಿನ ಕೆಲಸ ಸಿಕ್ಕಿ ಏಳು ತಿಂಗಳಾಗಿತ್ತು. ಮೊದಮೊದಲು ಮಾತು ರೆಂಟು, ಮಾರ್ಟ್‌ಗೇಜು ದಾಟುತ್ತಿರಲಿಲ್ಲ. ಬರಬರುತ್ತ ಅದೂ ಕಡಿಮೆಯಾಯಿತು. ಹಾಗಿರುವಾಗ ಒಂದು ಬೆಳಿಗ್ಗೆ, ರಾತ್ರಿ ಶಿಫ್ಟ್ ಮುಗಿಸಿ ಬಂದು ಫೋನು ಮಾಡಿದವಳು, “ಒಂದು ತಮಾಷೆ ಪುಸ್ತಕ ಸಿಕ್ಕಿದೆ ರೀ, ಕೇಳ್ತೀರಾ?” ಎಂದು ಓದತೊಡಗಿದಳು. ಶಾಪ ತಟ್ಟಿ ಡ್ರ್ಯಾಗನ್ ಆದ ಗುಮಾಸ್ತನ ಕಥೆ. ಡ್ರ್ಯಾಗನ್ ಆದರೂ ಆಫೀಸು ತಪ್ಪದು. ಇಂಗ್ಲಿಷ್ ಕಾದಂಬರಿಯನ್ನು ಅವಳು ನಿಂತನಿಲುವಿನಲ್ಲೇ ಮೈಸೂರಿನ ಕನ್ನಡಕ್ಕೆ ಇಳಿಸುತ್ತಿದ್ದಳು. ಅಳಿಯ ಸೀನಿದ ಬೆಂಕಿಯಲ್ಲಿ ಅತ್ತೆ ಚಕ್ಕನೆ ನಾಲ್ಕು ಹಪ್ಪಳ ಸುಟ್ಟುಕೊಂಡಳು ಎಂದಾಗ ಗೋಪೀನಾಥ ಕಾಫಿಯನ್ನು ಶರ್ಟಿನ ಮೇಲೆ ಚೆಲ್ಲಿಕೊಂಡಿದ್ದ. ದಿನಕ್ಕೆ ನಾಲ್ಕೇ ಪುಟ. ಯಾರೂ ಮುಂದಕ್ಕೆ ಓದಕೂಡದು ಎಂದು ಕರಾರು.

ಮುರಿದವನು ಅವನು. ಕುತೂಹಲ ತಡೆಯಲಾರದೆ ಲೈಬ್ರರಿಯಿಂದ ಅದೇ ಪುಸ್ತಕ ತಂದು, ಎರಡೇ ದಿನದಲ್ಲಿ ಟ್ರೈನಿನಲ್ಲಿ ಓದಿ ಮುಗಿಸಿದ್ದ. ಎದುರು ಕೂತವರು ತಿರುಗಿ ನೋಡುವಷ್ಟು ನಕ್ಕಿದ್ದ. ಆದರೆ ಹಪ್ಪಳದ ಪುಟ ಸಿಗಲಿಲ್ಲ. ಹಿಂದೆ ಮುಂದೆ ತಿರುವಿ ಹುಡುಕಿದ. ಬಾಲಕ್ಕೂ ಒಂದು ಟಿಕೆಟ್ ತಗೊಳ್ಳಿ ಎಂದು ಅಹಲ್ಯಾಳ ಓದಿನಲ್ಲಿ ಹೇಳಿದ್ದ ಬಸ್ಸಿನ ಕಂಡಕ್ಟರೂ ಅದರಲ್ಲಿರಲಿಲ್ಲ. ಪುಸ್ತಕದ ಅತ್ತೆ ಎರಡೇ ಸಾಲಿಗೆ ಬಂದು ಹೋಗುವವಳು.

ಫೋನೆತ್ತಿ ಸ್ಪೀಕರಿಗೆ ಹಾಕಿದ.

“ಕೇಳಿಸ್ಕೊಳ್ಳಿ, ಇವತ್ತು ನಮ್ಮ ಡ್ರ್ಯಾಗನ್ ರಾಯರಿಗೆ ಪ್ರಮೋಷನ್ ಇಂಟರ್‌ವ್ಯೂ. ಮೂರು ಜನ ಕೂತಿದಾರೆ. ಮಧ್ಯದವನು ರೇಷ್ಮೆ ಟೈ ಕಟ್ಟಿದಾನೆ…”

ರಾಯರು ಥ್ಯಾಂಕ್ಸ್ ಹೇಳಲು ಬಾಯಿ ತೆರೆದದ್ದೇ ತಡ, ಆ ಟೈ ಬೂದಿಯಾಗುತ್ತದೆ. ಓದಿದ್ದು ನೆನಪಾಗಿ ಗೋಪೀನಾಥ ಕಿಸಕ್ಕನೆ ನಕ್ಕ.

ಆ ಕಡೆ ಓದು ನಿಂತಿತು. “ರಾಯರಿನ್ನೂ ಬಾಯೇ ತೆಗೆದಿಲ್ಲ. ನೀವ್ಯಾಕೆ ನಕ್ರಿ?”

“ಅದು… ಆಫೀಸ್ ಗ್ರೂಪಲ್ಲಿ ಒಂದು ಮೆಸೇಜ್ ಬಂತು.”

ಬಾಯಿಂದ ಜಾರಿದ ಮೇಲೆ ಅದು ಇನ್ನೂ ಕೆಟ್ಟದೆಂದು ಹೊಳೆಯಿತು.

“ಓ… ನಾನು ಓದ್ತಿರ್ವಾಗ ನೀವು ಮೆಸೇಜ್ ನೋಡ್ತಿರ್ತೀರಿ.”

“ಹಂಗಲ್ಲ ಅಹಲ್ಯಾ, ಇವತ್ತೊಂದಿನ…”

“ಪರವಾಗಿಲ್ಲ ಬಿಡಿ. ನಂಗೂ ನಿದ್ದೆ ಎಳೀತಿದೆ.”

ಮರುದಿನದಿಂದ ಮಾತು ಮತ್ತೆ ಸೋರುವ ನಲ್ಲಿಗೆ, ಮಾರ್ಟ್‌ಗೇಜಿಗೆ ಮರಳಿತು. ವಾರ ಕಳೆದ ಮೇಲೆ ಅವನೇ ಧೈರ್ಯ ಮಾಡಿ ಕೇಳಿದ: “ನಮ್ಮ ಡ್ರ್ಯಾಗನ್ ರಾಯರ ಕಥೆ ಎಲ್ಲಿಗೆ ಬಂತು?”

“ಆ ಪುಸ್ತಕ ವಾಪಸ್ ಕೊಟ್ಬಿಟ್ಟೆ ರೀ. ಅಲ್ಲಿ ಲೈಬ್ರರೀಲಿ ಸಿಗತ್ತೆ, ನೀವೇ ಓದ್ಕೊಳ್ಳಿ. ನಾನು ಓದಿದ್ರೇನು, ನೀವು ಓದಿದ್ರೇನು, ಇರೋದು ಅದೇ ಕಥೆ ತಾನೆ?”

ಅವಳು ಸ್ವಲ್ಪ ಹೊತ್ತು ಕಾದಳು. ಗೋಪೀನಾಥ “ಹೂಂ” ಎಂದ.

ತಾನು ಕರಾರು ಮುರಿದದ್ದನ್ನೂ, ತನ್ನನ್ನು ನಗಿಸಿದ ಮಾತುಗಳಲ್ಲಿ ಅರ್ಧಕ್ಕರ್ಧ ಆ ಪುಸ್ತಕದಲ್ಲಿ ಇರಲೇ ಇಲ್ಲವೆಂಬುದನ್ನೂ ಅವನು ಅವಳಿಗೆ ಹೇಳಲಿಲ್ಲ.